ಮಗು ಎಚ್ಚರವಿದ್ದಾಗ ಸೀರೆ ಹೊರಗೆ ಬರಕೂಡದು: ಕುಚ್ಚು ಕೆಲಸದಲ್ಲಿ ನನ್ನ ಅನುಭವ

ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವ ತಾಯಂದಿರಿಗೆ ಎಲ್ಲರೂ ಹೇಳುವ ಮಾತು ಒಂದೇ: ಮಕ್ಕಳು ಮಲಗಿದ ಮೇಲೆ ಕೂತು ಮಾಡಿ. ನಾನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಮಾಡಿದೆ. ರಾತ್ರಿ ಹನ್ನೊಂದರ ಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಂ.ಎಸ್. ನೀಲಿ ಬಣ್ಣದ ಸೀರೆಗೆ ದಾರ ಹೊಂದಿಸಿ ಕಟ್ಟಿದ್ದು ಬೆಳಿಗ್ಗೆ ನೋಡಿದರೆ ನೇರಳೆಯಾಗಿರುತ್ತಿತ್ತು. ನಿದ್ದೆಗಣ್ಣಿನಲ್ಲಿ ಹಾಕಿದ ಗಂಟುಗಳು ಸಡಿಲವಾಗಿ, ಅರ್ಧ ಸೆರಗು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಈಗ ರಾತ್ರಿ ಊಟವಾದ ಮೇಲೆ ನಾನು ಸೂಜಿ ಮುಟ್ಟುವುದಿಲ್ಲ, ಆದರೂ ಸಂಪಾದನೆ ಆಗಿನ ಮೂರು ಪಟ್ಟಾಗಿದೆ. ಇದು ನಡೆಯುವುದಿಲ್ಲ ಎಂದವರೇ ಈಗ ಹೇಗೆ ಎಂದು ಕೇಳುತ್ತಿದ್ದಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಕುಚ್ಚು ಕಟ್ಟುವುದು ಹೇಗೆಂದು ಹೇಳಲು ಹೋಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ.

ನಮ್ಮದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆ, ಹಾಲ್, ಅಡುಗೆಮನೆಯ ಬಾಡಿಗೆ ಮನೆ. ಯಜಮಾನರು ಪೀಣ್ಯದಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಮಗಳು ಈಗ ಮೂರನೇ ತರಗತಿ, ಮಗ ಯುಕೆಜಿ. ಕೆಲಸ ಶುರು ಮಾಡಿದಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ.

ಮೊದಲು ಹಿಡಿದದ್ದು ಅಂಗಡಿ ಕೆಲಸ. ಚಿಕ್ಕಪೇಟೆಯ ಅಂಗಡಿಯೊಂದರಿಂದ ಶನಿವಾರ ಸಂಜೆ ಸೀರೆಗಳ ಗಂಟು ಬರುತ್ತಿತ್ತು, ಸೋಮವಾರ ಬೆಳಿಗ್ಗೆ ವಾಪಸು ಬೇಕು. ಸಾದಾ ಕುಚ್ಚಿಗೆ ನಮಗೆ ಕೊಡುತ್ತಿದ್ದದ್ದು 70, 80 ರೂಪಾಯಿ. ಅದೇ ಕುಚ್ಚಿಗೆ ಅಂಗಡಿಯವರು ಗಿರಾಕಿಯಿಂದ ಪಡೆಯುತ್ತಿದ್ದದ್ದು 250ರಿಂದ 300. ದಾರವೂ ನಮ್ಮದೇ. ಭಾನುವಾರ ಮಕ್ಕಳು ಮನೆಯಲ್ಲಿರುವ ದಿನವೇ ಕೆಲಸದ ರಾಶಿ. ಹಣವೋ ಎರಡು ತಿಂಗಳಿಗೊಮ್ಮೆ, ಅದರಲ್ಲೂ ಕಲೆ ಆಗಿದೆ, ಉದ್ದ ಸರಿಯಿಲ್ಲ ಎಂದು ಮುರಿದುಕೊಳ್ಳುತ್ತಿದ್ದರು. ಕೊನೆಗೆ ಆ ಅಂಗಡಿಯವರು ಜಾಗ ಖಾಲಿ ಮಾಡಿಕೊಂಡು ಹೋದಾಗ ನನಗೆ ಸುಮಾರು ಆರು ಸಾವಿರ ಬಾಕಿ ಇತ್ತು. ಆಗ ತಿಂಗಳಿಗೆ ನನ್ನ ಕೈಗೆ ಉಳಿಯುತ್ತಿದ್ದದ್ದೇ ನಾಲ್ಕೂವರೆ ಸಾವಿರ.

ಆಮೇಲೆ ಅಂಗಡಿಯ ಸಹವಾಸ ಬಿಟ್ಟು ನೇರವಾಗಿ ಗಿರಾಕಿಗಳನ್ನು ಹಿಡಿದೆ. ದರ ಚೆನ್ನಾಗಿ ಸಿಕ್ಕಿತು, ಸಮಯ ಸಿಗಲಿಲ್ಲ. ಮಗನನ್ನು ಶಿಶುವಿಹಾರಕ್ಕೆ ಬಿಡೋಣವೆಂದರೆ ತಿಂಗಳಿಗೆ ನಾಲ್ಕು ಸಾವಿರ ಶುಲ್ಕ, ಮೇಲೆ ಹಾಲು, ತಿಂಡಿ, ಕರೆದುಕೊಂಡು ಬರುವ ಆಟೋ. ದುಡಿದದ್ದೆಲ್ಲ ಅಲ್ಲಿಗೇ ಸುರಿಯುವ ಲೆಕ್ಕ. ತೊಟ್ಟಿಲಿನ ಪಕ್ಕ ಕೂತು ಕಟ್ಟುವುದು, ಮಗುವಿನ ಮುಂದೆ ಮೊಬೈಲ್ ಇಟ್ಟು ಕಟ್ಟುವುದು, ಇವೆಲ್ಲವೂ ಆಯಿತು. ಒಂದು ದಿನ ಮಧ್ಯಾಹ್ನ ಹುಳಿಯನ್ನ ತಿನ್ನುತ್ತಿದ್ದ ಮಗ ಎದ್ದು ಬಂದು ಮೊಳಕಾಲ್ಮೂರು ಸೀರೆಯ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅರಿಶಿನದ ಐದೈದು ಬೆರಳು ರೇಷ್ಮೆಯ ಮೇಲೆ ಮೂಡಿದವು. ಡ್ರೈವಾಶ್‌ಗೆ ಎಂಟುನೂರೋ ಒಂಬೈನೂರೋ ಆಯಿತು, ಗಿರಾಕಿಗೆ ಕುಚ್ಚನ್ನು ಪುಕ್ಕಟೆ ಕಟ್ಟಿಕೊಟ್ಟೆ. ಅಂದೇ ನಿಶ್ಚಯಿಸಿದೆ: ಮಗು ಎಚ್ಚರವಿದ್ದಾಗ ಸೀರೆ ಬೀರುವಿನಿಂದ ಹೊರಗೆ ಬರಕೂಡದು.

ಆದರೆ ಮಗು ಎಚ್ಚರವಿರುವ ಹೊತ್ತೇ ಹೆಚ್ಚು. ಆ ಹೊತ್ತಿನಲ್ಲಿ ಸೀರೆ ಇಲ್ಲದೆ ಮಾಡುವ ಕೆಲಸ ಯಾವುದು? ಅದನ್ನೇ ಹುಡುಕಿದೆ. ಕುಚ್ಚಿನ ಕೆಲಸವನ್ನು ಎರಡು ಭಾಗ ಮಾಡಿದೆ. ದಾರ ಸುತ್ತುವುದು, ಮಡಿಸುವುದು, ಜರಿ ಬಿಗಿಯುವುದು, ತುದಿ ಕತ್ತರಿಸುವುದು, ಇವೆಲ್ಲ ಯಾವ ಕ್ಷಣದಲ್ಲಾದರೂ ಕೈಬಿಟ್ಟು ಎದ್ದು ಹೋಗಬಹುದಾದ ಕೆಲಸಗಳು. ಸೆರಗಿನ ಅಂಚಿಗೆ ಕ್ರೋಶಾ (ಕೊಕ್ಕೆಸೂಜಿಯ ಹೆಣಿಗೆ) ಹಾಕಿ ಸೇರಿಸುವುದು ಮಾತ್ರ ನಡುವೆ ಏಳಬಾರದ ಕೆಲಸ. ಹಾಗಾಗಿ ಕುಚ್ಚುಗಳನ್ನು ತಲೆಯಲ್ಲಿ ಕೊಕ್ಕೆಯಂತೆ ಒಂದು ಕುಣಿಕೆ ಬಿಟ್ಟು ಬಿಡಿಬಿಡಿಯಾಗಿ ಮೊದಲೇ ಕಟ್ಟಿಡುತ್ತೇನೆ. ಸೀರೆಗೆ ಕ್ರೋಶಾ ಹಾಕುತ್ತಾ ಹೋದಂತೆ ಒಂದೊಂದೇ ಕುಣಿಕೆಯನ್ನು ಸೂಜಿಗೆ ಸಿಕ್ಕಿಸಿಕೊಂಡು ಒಳಗೆಳೆದುಕೊಳ್ಳುತ್ತೇನೆ.

ನನಗೆ ಕೆಲಸ ಕಲಿಸಿದ ಅಕ್ಕನಿಗೆ ಇದನ್ನು ಹೇಳಿದಾಗ ಅವರು ಒಪ್ಪಲೇ ಇಲ್ಲ. "ಬಿಡಿ ಕುಚ್ಚು ಕಟ್ಟಿಟ್ಟುಕೊಂಡರೆ ಸೀರೆಯ ಮೇಲೆ ಕೂರುವುದಿಲ್ಲ ಕಣೇ, ಮೂರು ಸಲ ಉಟ್ಟರೆ ಜಾರಿ ಬೀಳುತ್ತದೆ. ನಿನ್ನ ಹೆಸರು ಕೆಡುತ್ತದೆ" ಎಂದರು. "ನೋಡೋಣ ಅಕ್ಕಾ, ನೀವೇ ಉಟ್ಟು ಹೇಳಿ" ಎಂದು ಅವರದೇ ಒಂದು ಹಳೆಯ ಸೀರೆಗೆ ಕಟ್ಟಿಕೊಟ್ಟೆ. ಅವರ ಮಾತು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಮೊದಲ ಸುತ್ತಿನಲ್ಲಿ ಕುಣಿಕೆಗಳು ತಿರುಗಿಕೊಂಡು ಕುಚ್ಚು ಒಂದು ಆ ಕಡೆ, ಒಂದು ಈ ಕಡೆ ಮುಖ ಮಾಡಿದವು. ಕುಣಿಕೆ ಗಿಡ್ಡ ಮಾಡಿದರೆ ಸೂಜಿ ಹೋಗುತ್ತಿರಲಿಲ್ಲ, ಉದ್ದ ಬಿಟ್ಟರೆ ಜೋತುಬೀಳುತ್ತಿತ್ತು. ದಾರದ ಬದಲು ಜರಿಯಲ್ಲೇ ಕುಣಿಕೆ ಮಾಡಿದರೆ ಕ್ರೋಶಾ ದಾರವನ್ನೇ ಅದು ಉಜ್ಜಿ ತುಂಡರಿಸಿತು. ನಾಲ್ಕೈದು ತಿಂಗಳ ಪ್ರಯತ್ನದ ನಂತರ ಕುಣಿಕೆ ತಿರುಗದಂತೆ ಹಿಡಿಯುವ ಒಂದು ಗಂಟು ಕೈಗೆ ಬಂತು. ಆ ಗಂಟನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ನನ್ನ ಅನ್ನ. ಗೋರಂಟಿ ಹೂವಿನ ಮಾಲೆ ಕಟ್ಟಿದವರ ಬೆರಳಿಗೆ ಅದು ಬೇಗ ಹೊಳೆಯುತ್ತದೆ ಎಂದಷ್ಟೇ ಹೇಳುತ್ತೇನೆ. ಅಕ್ಕನ ಆ ಸೀರೆ ಇಂದಿಗೂ ಗಟ್ಟಿಯಾಗಿದೆ. ಮದುವೆಯ ಕಾಲದಲ್ಲಿ ಈಗ ಅವರೇ ನನ್ನಿಂದ ಬಿಡಿ ಕುಚ್ಚು ಕೊಂಡುಕೊಂಡು ಹೋಗುತ್ತಾರೆ, ನೂರಕ್ಕೆ ಇಷ್ಟು ಎಂದು.

ಲೆಕ್ಕ ಹೀಗಿದೆ. ಒಂದು ಸೆರಗಿಗೆ 45ರಿಂದ 50 ಕುಚ್ಚು. ಮೊದಲಿನಿಂದ ಕೊನೆಯವರೆಗೆ ಸೀರೆಯ ಮೇಲೆಯೇ ಕಟ್ಟಿದರೆ ನಾಲ್ಕೂವರೆ, ಐದು ಗಂಟೆ. ಮಕ್ಕಳ ನಡುವೆ ಅದು ಎರಡು ದಿನವಾಗುತ್ತಿತ್ತು. ಕುಚ್ಚು ಸಿದ್ಧವಿದ್ದರೆ ಸೇರಿಸಲು ಸುಮಾರು ಒಂದೂವರೆ ಗಂಟೆ ಸಾಕು. ಮಗ ಶಾಲೆಗೆ ಹೋದ ಮೇಲೆ ಒಂಬತ್ತೂವರೆಯಿಂದ ಹನ್ನೆರಡೂವರೆ ನನ್ನ ಸೇರಿಸುವ ಹೊತ್ತು, ಎರಡು ಸೀರೆ ಮುಗಿಯುತ್ತವೆ. ಆ ಮೂರು ಗಂಟೆ ಕುಕ್ಕರ್ ಇಡುವುದಿಲ್ಲ, ಫೋನ್ ಎತ್ತುವುದಿಲ್ಲ. ಬಾಗಿಲು ತಟ್ಟಿದವರಿಗೆ ಮಧ್ಯಾಹ್ನ ಬನ್ನಿ ಎನ್ನುತ್ತೇನೆ. ನಮ್ಮ ಅತ್ತೆಯವರಿಗೆ ಇದು ಬಹಳ ದಿನ ಸರಿಬರಲಿಲ್ಲ. ಮಧ್ಯಾಹ್ನ ಎರಡರ ಮೇಲೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ದಾರ ಸುತ್ತುತ್ತೇನೆ. ಮಗಳ ಮಗ್ಗಿ ಒಪ್ಪಿಸಿಕೊಳ್ಳುತ್ತಾ, ಮಗನ ಅಕ್ಷರ ತಿದ್ದುತ್ತಾ ಕುಚ್ಚು ಆಗುತ್ತಿರುತ್ತದೆ. ಯಾರಾದರೂ ಬಿದ್ದು ಅತ್ತರೆ ಕೈಯಲ್ಲಿದ್ದದ್ದನ್ನು ಡಬ್ಬಿಗೆ ಹಾಕಿ ಎದ್ದರಾಯಿತು, ನಷ್ಟವಾಗುವುದು ಏನೂ ಇಲ್ಲ. ಮಣಿ ಮಾತ್ರ ಆ ಹೊತ್ತಿನಲ್ಲಿ ಬೇಡವೇ ಬೇಡ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಣಿಯ ಡಬ್ಬಿ ಬೀರುವಿನ ಮೇಲಿನ ಅರೆಯಲ್ಲೇ ಇರಬೇಕು, ಅದು ಮೂಗಿಗೂ ಹೋಗುತ್ತದೆ, ಬಾಯಿಗೂ ಹೋಗುತ್ತದೆ.

ಸಾಮಾನ್ಯ ತಿಂಗಳಲ್ಲಿ 35ರ ಆಸುಪಾಸು ಸೀರೆಗಳಾಗುತ್ತವೆ. ಸಾದಾ, ಪುಟ್ಟ ಪುಟ್ಟದಾಗಿ ಕಟ್ಟುವ ಬೇಬಿ ಕುಚ್ಚು, ಮಣಿ ಹಾಕಿದ ಕ್ರೋಶಾ ಎಲ್ಲ ಸೇರಿ ಸರಾಸರಿ 450 ರೂಪಾಯಿ ಇಟ್ಟುಕೊಳ್ಳಿ. ದಾರ, ಜರಿ, ಮಣಿಗೆ ಎರಡು ಸಾವಿರ ಕಳೆದರೆ 13ರಿಂದ 14 ಸಾವಿರ ಉಳಿಯುತ್ತದೆ. ಮದುಮಗಳ ಸೀರೆಗೆ 1,500ರಿಂದ 2,000 ಸಿಗುತ್ತದೆ, ಆದರೆ ತಿಂಗಳಿಗೆ ಒಂದೆರಡಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಮೊದಲ ದಾಸ್ತಾನು ಕಟ್ಟಲು ದಾರಕ್ಕೆಂದು ಐದು ಸಾವಿರ ಹಾಕಿದ್ದೆ. ರಾಜಾ ಮಾರ್ಕೆಟ್‌ಗೆ ಹೋಗಿ ಡಜನ್ ಲೆಕ್ಕದಲ್ಲಿ ತಂದರೆ ರೀಲಿಗೆ ಮೂರು, ನಾಲ್ಕು ರೂಪಾಯಿ ಉಳಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚೂ ಇಲ್ಲ, ಎರಡು ಬಣ್ಣ ಕಡಿಮೆಯಾದರೂ ಎದ್ದು ಹೋಗಿ ಬರಬಹುದು.

ಆಷಾಢದಲ್ಲಿ ಕೆಲಸವಿರುವುದಿಲ್ಲ ಎನ್ನುವವರಿಗೆ ಒಂದು ಮಾತು. ಆಷಾಢದಲ್ಲಿ ಮದುವೆಗಳಿಲ್ಲ, ನಿಜ. ಆದರೆ ಸೀರೆ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟ ನಡೆಯುವುದೂ ಆಗಲೇ. ಕೊಂಡ ಸೀರೆಗಳು ಬೀರುವಿನಲ್ಲಿ ಮಲಗಿರುತ್ತವೆ, ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಎಲ್ಲವೂ ಒಟ್ಟಿಗೆ ಬರುತ್ತವೆ. ಅದಕ್ಕೆ ಆಷಾಢದ ಮೊದಲ ವಾರದಲ್ಲೇ ಎಲ್ಲ ಗಿರಾಕಿಗಳಿಗೂ ವಾಟ್ಸಾಪ್ ಸಂದೇಶ ಕಳಿಸುತ್ತೇನೆ: ಈಗಲೇ ಸೀರೆ ಕೊಟ್ಟರೆ ನೂರಕ್ಕೆ ಹತ್ತು ಕಡಿಮೆ, ಹಬ್ಬದ ವಾರ ಹೊಸ ಸೀರೆ ತೆಗೆದುಕೊಳ್ಳುವುದಿಲ್ಲ. ಮೊದಲ ವರ್ಷ ಗಿರಾಕಿಗಳು ಬೇಸರ ಮಾಡಿಕೊಂಡರು, ಕೆಲವರು ಬೇರೆ ಕಡೆ ಹೋದರು. ಮರುವರ್ಷ ಅವರಲ್ಲಿ ಹೆಚ್ಚಿನವರು ಆಷಾಢದಲ್ಲೇ ತಂದುಕೊಟ್ಟರು. ಆಷಾಢ, ಶ್ರಾವಣ ಎರಡೂ ಸೇರಿ ಕಳೆದ ವರ್ಷ ನಲವತ್ತು ಸಾವಿರದ ಮೇಲೆ ಬಂತು, ಹಬ್ಬದ ದಿನ ನಾನೂ ರೇಷ್ಮೆ ಸೀರೆ ಉಟ್ಟು ಪೂಜೆಗೆ ಕೂತೆ.

ಕಷ್ಟವೆಂದರೆ ಏಪ್ರಿಲ್, ಮೇ. ಮದುವೆಗಳ ಸುಗ್ಗಿ, ಶಾಲೆಗೂ ರಜೆ. ಮೂರು ಗಂಟೆಯ ಆ ಹೊತ್ತೇ ಕೈತಪ್ಪುತ್ತದೆ. ಎರಡು ವಾರ ಮಕ್ಕಳು ತುಮಕೂರಿನಲ್ಲಿ ಅಜ್ಜಿಯ ಮನೆಯಲ್ಲಿರುತ್ತಾರೆ. ಉಳಿದ ದಿನಗಳಿಗೆ ಪಕ್ಕದ ಮನೆಯವರೊಂದಿಗೆ ಒಪ್ಪಂದ: ಬೆಳಿಗ್ಗೆ ಎರಡು ಗಂಟೆ ನನ್ನ ಮಕ್ಕಳು ಅವರ ಮನೆಯಲ್ಲಿ, ಸಂಜೆ ಎರಡು ಗಂಟೆ ಅವರ ಮಗಳು ನಮ್ಮ ಮನೆಯಲ್ಲಿ. ಅವರ ಮನೆಯ ಸೀರೆಗಳ ಫಾಲ್, ಜಿಗ್‌ಜಾಗ್, ಕುಚ್ಚು ಯಾವುದಕ್ಕೂ ಹಣ ಪಡೆಯುವುದಿಲ್ಲ. ಯಾರಿಂದಲೂ ಪುಕ್ಕಟೆ ಉಪಕಾರ ಬೇಡ, ಮೂರನೇ ವಾರಕ್ಕೇ ಮುಖ ಸಣ್ಣದಾಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಲೆಕ್ಕವಿದ್ದರೆ ನಿಲ್ಲುತ್ತದೆ, ನಮ್ಮದು ಮೂರು ಬೇಸಿಗೆಯಿಂದ ನಿಂತಿದೆ.

ನಡುನಡುವೆ ಮಾಡಿ ನೋಡಿದ ಬೇರೆ ಪ್ರಯೋಗಗಳನ್ನೂ ಹೇಳಬೇಕು. ರೀಲಿನಿಂದ ಬಿಚ್ಚಿದ ದಾರ ಸುರುಳಿ ನೆನಪಿಟ್ಟುಕೊಂಡಿರುತ್ತದೆ, ಕುಚ್ಚಿನ ತುದಿ ಕೆದರುತ್ತದೆ. ಕೂದಲು ನೇರ ಮಾಡುವ ಯಂತ್ರದಲ್ಲಿ ಹಿಡಿದೆ, ಒಂದು ಕ್ಷಣ ಹೆಚ್ಚಾದರೆ ಕೃತಕ ರೇಷ್ಮೆಯ ದಾರ ಸುಟ್ಟು ಮುದುಡುತ್ತದೆ. ಗಂಜಿಯಲ್ಲಿ ಅದ್ದಿದೆ, ನೆಟ್ಟಗೆ ನಿಂತಿತು, ಆದರೆ ವಾರದೊಳಗೆ ಡಬ್ಬಿಗೆ ಜಿರಲೆ ಬಂತು. ಕೊನೆಗೆ ಕೈಹಿಡಿದದ್ದು ಇಡ್ಲಿ ಪಾತ್ರೆ. ನೀರು ಕುದಿಯುತ್ತಿರುವಾಗ ಕುಚ್ಚುಗಳನ್ನು ಕುಣಿಕೆಯಿಂದ ಒಂದು ಕಡ್ಡಿಗೆ ಪೋಣಿಸಿ ಹಬೆಯ ಮೇಲೆ ಹಿಡಿಯುತ್ತೇನೆ. ಹತ್ತು ಎಣಿಸುವಷ್ಟರಲ್ಲಿ ದಾರ ತಾನಾಗಿ ಇಳಿದು ನೇರವಾಗುತ್ತದೆ, ಹೊಳಪೂ ಏರುತ್ತದೆ. ಸಣ್ಣ ಬಾಚಣಿಗೆಯಿಂದ ಒಮ್ಮೆ ಎಳೆದು, ಒಣಗಿದ ಮೇಲೆ ತುದಿ ಕತ್ತರಿಸುತ್ತೇನೆ. ಬಿಡಿ ಕುಚ್ಚಿನ ದೊಡ್ಡ ಲಾಭ ಇದು, ಸೀರೆಗೆ ಕಟ್ಟಿದ ಮೇಲೆ ಹಬೆ ತೋರಿಸುವ ಧೈರ್ಯ ನನಗಿಲ್ಲ. ಕೆಂಪು, ಮರೂನ್ ದಾರ ಬಣ್ಣ ಬಿಡುತ್ತದೆಯೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಹಬೆಯಾಡಿದ ಕುಚ್ಚನ್ನು ಬಿಳಿ ಬಟ್ಟೆಯ ಮೇಲೆ ಒತ್ತಿದರೆ ಸಾಕು, ಕಲೆ ಮೂಡಿದರೆ ಆ ರೀಲನ್ನೇ ಬದಿಗಿಡುತ್ತೇನೆ. ಬಣ್ಣ ಬಿಡದ ಕೆಂಪು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ನನ್ನಲ್ಲೇ ಇರಲಿ. ಉಳಿದ ದಾರದಲ್ಲಿ ಬಾಗಿಲ ತೋರಣಗಳನ್ನೂ ಮಾಡಿದ್ದೆ. ಗೌರಿ ಹಬ್ಬಕ್ಕೆ 250ರಂತೆ ಎಲ್ಲವೂ ಮಾರಾಟವಾದವು, ಆದರೆ ಒಂದು ತೋರಣಕ್ಕೆ ಹಿಡಿಯುವ ಹೊತ್ತಿನಲ್ಲಿ ಒಂದೂವರೆ ಸೀರೆಯ ಕುಚ್ಚು ಆಗುತ್ತದೆ. ಬಿಟ್ಟುಬಿಟ್ಟೆ.

ಹಣದ ವಿಷಯದಲ್ಲಿ ಎರಡು ಪದ್ಧತಿ ಇಟ್ಟುಕೊಂಡಿದ್ದೇನೆ. ಸೀರೆ ಕೊಡುವಾಗಲೇ ಅರ್ಧ ಮುಂಗಡ, ಪರಿಚಯದವರಾದರೂ ಸರಿ. ಸೀರೆ ಪಡೆಯುವುದು, ಕೊಡುವುದು ಮಂಗಳವಾರ ಮತ್ತು ಶುಕ್ರವಾರ ಸಂಜೆ ಮಾತ್ರ. ಇನ್ನು, 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ನಮ್ಮ ಬೀದಿಯ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡವು. ನನಗೂ ಹಾಗೆ ಮಾಡಲು ಹಲವರು ಹೇಳಿದರು. ನಾನು ಮಾಡಲಿಲ್ಲ. ನಮ್ಮಂಥವರ ದುಡಿಮೆ ಜಿಎಸ್‌ಟಿಯ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ, ಮೇಲಾಗಿ ಕುಚ್ಚಿನ ಹಣಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಇದೆ, ಪ್ರತಿ ಸೀರೆಯೂ ಪುಸ್ತಕದಲ್ಲಿ ಬರೆದಿದೆ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿಯನ್ನೂ ಮೊಬೈಲ್‌ನಲ್ಲೇ ಮಾಡಿಕೊಂಡೆ. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ, ಐನೂರು ಕೊಡಿ ಮಾಡಿಕೊಡುತ್ತೇವೆ ಎನ್ನುವವರಿಗೆ ಕೊಡಬೇಡಿ.

ಹೊಸದಾಗಿ ಹೀಗೆ ಶುರು ಮಾಡುವವರು ಎಲ್ಲ ಬಣ್ಣವನ್ನೂ ಕಟ್ಟಿಡಲು ಹೋಗಬೇಡಿ, ಹಣ ಡಬ್ಬಿಯಲ್ಲೇ ಉಳಿಯುತ್ತದೆ. ಕುಂಕುಮ ಕೆಂಪು, ಅರಿಶಿನ, ಗಿಳಿ ಹಸಿರು, ರಾಣಿ ಗುಲಾಬಿ, ಮರೂನ್, ಜರಿಗೆ ಹೊಂದುವ ಚಿನ್ನದ ಬಣ್ಣ, ಈ ಆರು ಬಣ್ಣಗಳಲ್ಲಿ ಇನ್ನೂರಿನ್ನೂರು ಕುಚ್ಚು ಇದ್ದರೆ ಬರುವ ಸೀರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಸಾಲುತ್ತದೆ. ನೀಲಿ ಬೆರೆತ ಹಸಿರಾದ ರಾಮಾ ಗ್ರೀನ್ ಮಾತ್ರ ಮೊದಲೇ ಕಟ್ಟಬೇಡಿ. ಆ ಬಣ್ಣದಲ್ಲಿ ಎರಡು ಸೀರೆಗಳು ಒಂದೇ ಛಾಯೆಯಲ್ಲಿ ಬರುವುದಿಲ್ಲ, ಸೀರೆ ಕೈಗೆ ಬಂದ ಮೇಲೆ ಹಗಲು ಬೆಳಕಿನಲ್ಲಿ ರೀಲು ಹಿಡಿದು ನೋಡಿಯೇ ಕಟ್ಟಬೇಕು.