ಪೊಲೀಸ್ ಸಂಘದ ಚರಿತ್ರೆ ಬರೆಯಲು ಕೂತವರಿಗೆ

ಅಮೆರಿಕದ ಕಪ್ಪು ಜನಾಂಗದ ಪೊಲೀಸರ ಸಂಘಗಳ ಬಗ್ಗೆ ಬರೆಯಲು ಕೂತವನು ನಾನು ಮೊದಲ ಪುಟದಲ್ಲೇ ‘ನ್ಯೂಯಾರ್ಕ್, ಗಾರ್ಡಿಯನ್ಸ್ ಅಸೋಸಿಯೇಷನ್, 1949’ ಎಂದು ಬರೆದು ಅಡಿಗೆರೆ ಎಳೆದಿದ್ದೆ. ವಾರದಲ್ಲೇ ಹೊಡೆದುಹಾಕಬೇಕಾಯಿತು. ಅದು ಮಾನ್ಯತೆ ಸಿಕ್ಕ ವರ್ಷ. ಅವರು ಗುಂಪುಗೂಡಿದ್ದು 1943ರಲ್ಲೇ. ಅದಕ್ಕೇ ಹೇಳುವುದು, ಇಸವಿ ಎರಡು ಬರೆದುಕೊಳ್ಳಿ: ಸೇರಿದ್ದು ಯಾವಾಗ, ಮೇಲಿನವರು ಒಪ್ಪಿದ್ದು ಯಾವಾಗ.

ಸಂಘಕ್ಕೂ ಮುಂಚಿನ ಒಂಟಿ ಕಪ್ಪು ಪೊಲೀಸರನ್ನು ಬಿಡಬೇಡಿ. 1911ರಲ್ಲಿ ನ್ಯೂಯಾರ್ಕ್ ಪಡೆ ಸೇರಿದ ಸ್ಯಾಮ್ಯುಯೆಲ್ ಬ್ಯಾಟಲ್ ಜತೆ ಠಾಣೆಯ ಬಿಳಿಯರು ಮಾತೇ ಆಡುತ್ತಿರಲಿಲ್ಲ. ಮಲಗಲು ಬ್ಯಾಟಲ್ ಅವರಿಗಿದ್ದದ್ದು ಬಾವುಟ ಇಡುವ ಅಟ್ಟ. ಸಂಘ ಯಾಕೆ ಬೇಕಾಯಿತೆಂದು ಎರಡು ಪುಟ ವಿವರಿಸುವುದಕ್ಕಿಂತ ಓದುಗರನ್ನು ಆ ಅಟ್ಟಕ್ಕೆ ಹತ್ತಿಸಿ.

ಸ್ಮರಣ ಸಂಚಿಕೆ ಸಿಕ್ಕರೆ ಪದಾಧಿಕಾರಿಗಳ ಹೆಸರು ಬರೆದುಕೊಂಡು ಪಕ್ಕಕ್ಕಿಡಿ. ಜಗಳವೆಲ್ಲ ಇರುವುದು ಕೋರ್ಟ್ ಕಡತದಲ್ಲಿ, ಡ್ಯೂಟಿ ಹಾಕಿದ ಆದೇಶಗಳಲ್ಲಿ. ಶಿಕಾಗೋದಲ್ಲಿ 1968ರಲ್ಲಿ ಆಫ್ರೋ-ಅಮೆರಿಕನ್ ಪ್ಯಾಟ್ರೋಲ್‌ಮೆನ್ಸ್ ಲೀಗ್ ಕಟ್ಟಿದವರಲ್ಲಿ ಮುಖ್ಯರಾದ ರೆನಾಲ್ಟ್ ರಾಬಿನ್ಸನ್ ಅವರನ್ನು ಹಾಕಿದ್ದು ಎಲ್ಲಿಗೆ ಗೊತ್ತೇ? ಕೇಂದ್ರ ಕಚೇರಿಯ ಹಿಂದಿನ ಓಣಿ ಕಾಯಲು! ತಾರತಮ್ಯದ ಮೊಕದ್ದಮೆಯಲ್ಲಿ 1976ರಲ್ಲಿ ನ್ಯಾಯಾಧೀಶ ಪ್ರೆಂಟಿಸ್ ಮಾರ್ಷಲ್ ನೇಮಕಾತಿಗೆ ಕೋಟಾ ವಿಧಿಸಿದರು. ಲೀಗಿನ ಕಾಗದಪತ್ರ ಶಿಕಾಗೋ ಹಿಸ್ಟರಿ ಮ್ಯೂಸಿಯಂನಲ್ಲಿದೆ. ‘ಪ್ಯಾಟ್ರೋಲ್‌ಮೆನ್’ ಬಿಟ್ಟು ‘ಪೊಲೀಸ್ ಲೀಗ್’ ಎಂದೂ ಹುಡುಕಿ, ಹೆಸರು ಬದಲಾಗಿತ್ತು.

ನಿವೃತ್ತರನ್ನು ಮಾತಾಡಿಸುವಾಗ ದೊಡ್ಡ ಪ್ರಶ್ನೆ ಕೇಳಬೇಡಿ. ‘ತಾರತಮ್ಯ ಇತ್ತೇ ಸಾರ್’ ಎಂದು ಒಬ್ಬರನ್ನು ಕೇಳಿದೆ. ‘ಇತ್ತು’ ಎಂದರು, ಮುಗಿಯಿತು. ಆಮೇಲೆ ‘ರಾತ್ರಿ ಪಾಳಿಗೆ ನಿಮ್ಮ ಜೋಡಿ ಯಾರಿರುತ್ತಿದ್ದರು?’ ಎಂದೆ. ಚಹಾ ಆರಿ ತಣ್ಣಗಾಗುವವರೆಗೂ ಅವರು ನಿಲ್ಲಿಸಲಿಲ್ಲ.

ಲಂಡನ್ನಿನ ಕಥೆಯಲ್ಲಿ ಎಡವುವುದು ಬೇರೆ ಕಡೆ. ಕಪ್ಪು ಹುಡುಗ ಸ್ಟೀಫನ್ ಲಾರೆನ್ಸ್ ಕೊಲೆಯ ತನಿಖೆಯಲ್ಲಿ ಪೊಲೀಸರು ಎಡವಿದ್ದನ್ನು ಹೇಳಿದ ಮ್ಯಾಕ್‌ಫರ್ಸನ್ ವರದಿ 1999ರಲ್ಲಿ ಬಂತು, ಸಂಘ ಅದರಿಂದಲೇ ಹುಟ್ಟಿತು ಎಂದು ಬರೆದುಬಿಡುತ್ತೇವೆ. ಮೆಟ್ರೊಪಾಲಿಟನ್ ಪೊಲೀಸಿನ ಬ್ಲ್ಯಾಕ್ ಪೊಲೀಸ್ ಅಸೋಸಿಯೇಷನ್ 1994ರದ್ದು. ಅದರ ಬೇರು ಆ ಪಡೆಯ ಕಪ್ಪು ಪೊಲೀಸರಿಗಾಗಿ ನಡೆದ 1990ರ ಬ್ರಿಸ್ಟಲ್ ಸೆಮಿನಾರುಗಳಲ್ಲಿದೆ. ಇನ್ನೊಂದು, ಅಲ್ಲಿ ‘ಬ್ಲ್ಯಾಕ್’ ಎಂದರೆ ಆಫ್ರಿಕನ್, ಕೆರಿಬಿಯನ್ ಮೂಲದವರಷ್ಟೇ ಅಲ್ಲ, ಏಷ್ಯಾ ಮೂಲದವರೂ ಹೌದು. ಸದಸ್ಯರ ಪಟ್ಟಿಯಲ್ಲಿ ಪಟೇಲ್, ಸಿಂಗ್ ಎಂದು ಕಂಡರೆ ಅಚ್ಚಿನ ತಪ್ಪೆಂದು ಬಿಟ್ಟು ಮುಂದೆ ಹೋಗಬೇಡಿ.