ಮೋತಿಯ ರವಿವಾರದ ಡ್ಯೂಟಿ

ನಮ್ಮ ನಾಯಿ ಮೋತಿಯನ್ನು ಮೊದಲ ಸಲ ವೃದ್ಧಾಶ್ರಮಕ್ಕೆ ಕರೆದೊಯ್ದ ದಿನ ಆಟೋದವನು ಕೇಳಿದ: "ದವಾಖಾನಿಗೇನ್ರಿ ಅಕ್ಕೋರ?" "ಇಲ್ಲಪಾ, ಡ್ಯೂಟಿಗಿ ಹೊಂಟಾನ" ಅಂದೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಬಂದ.

ಮೋತಿ ಜಾತಿನಾಯಿಯಲ್ಲ. ಬೀದರಿನ ಗುಂಪಾ ಕಡೆ ಚಹಾದಂಗಡಿ ಮುಂದೆ ಸಿಕ್ಕ ಮರಿ, ನಮ್ಮನೆಯ ಜೋಳದ ರೊಟ್ಟಿ, ಮೊಸರು ತಿಂದು ಬೆಳೆದವನು. ವೃದ್ಧಾಶ್ರಮದವರ ಜೊತೆ ಕೂತು ಬರುವ ಈ ಕೆಲಸಕ್ಕೆ ತಳಿಗಿಂತ ಸ್ವಭಾವ ಮುಖ್ಯ. ಗುರುತಿಲ್ಲದವರು ಮೈ ಸವರಿದರೆ ಹಿಂದೆ ಸರಿಯಬಾರದು. ತಾಟು ಬಿದ್ದ ಸದ್ದಿಗೆ ಬೆಚ್ಚಿದರೂ ಬೇಗ ಸುಧಾರಿಸಿಕೊಳ್ಳಬೇಕು. ಕೆಳಗೆ ಬಿದ್ದದ್ದನ್ನು "ಬ್ಯಾಡ" ಎಂದರೆ ಬಿಟ್ಟುಬಿಡಬೇಕು. ಇದನ್ನು ಕಲಿಸಲು ನನಗೆ ಹೆಚ್ಚು ದಿನ ಹಿಡಿಯಿತು. ವಯಸ್ಸಾದವರಿರುವ ಕಡೆ ನೆಲದ ಮೇಲೆ ಗುಳಿಗೆ ಬಿದ್ದಿರುವುದುಂಟು. ಆರು ತಿಂಗಳು ಮನೆಯೇ ತಾಲೀಮುಖಾನೆ. ನಾನು ಕೋಲು ಹಿಡಿದು ಕುಂಟುತ್ತ ಓಡಾಡಿದೆ, ನೆರೆಮನೆಯ ವ್ಹೀಲ್‌ಚೇರ್ ತಂದು ಅಂಗಳದಲ್ಲಿ ಉರುಳಿಸಿದೆ. ಓಣಿಯ ಮಂದಿ ಮಾಸ್ತರಬಾಯಿಗೆ ರಿಟೈರ್ ಆದಮೇಲೆ ತಲೆ ಕೆಟ್ಟಿದೆ ಅಂದುಕೊಂಡರು.

ಪಶುವೈದ್ಯಕೀಯ ವಿಶ್ವವಿದ್ಯಾಲಯ ಇಲ್ಲೇ ನಂದಿನಗರದಲ್ಲಿರುವುದು ನನ್ನ ಪುಣ್ಯ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ, ಜಂತಿನ ಔಷಧ ಮೂರು ತಿಂಗಳಿಗೊಮ್ಮೆ. ಲಸಿಕೆಯ ಕಾರ್ಡು ಯಾವಾಗಲೂ ಚೀಲದಲ್ಲಿರುತ್ತದೆ, ಕೇಳುವ ಮೊದಲೇ ತೋರಿಸುತ್ತೇನೆ. ಹಿಂದಿನ ದಿನ ಸ್ನಾನ. ಉಗುರು ಕತ್ತರಿಸಿ ಅರದಿಂದ ಉಜ್ಜುತ್ತೇನೆ, ಮುದುಕರ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಗಾಯ ನೆಕ್ಕಲು ಬಿಡುವುದಿಲ್ಲ. ಮುಟ್ಟಿದವರೆಲ್ಲರಿಗೂ ಆಮೇಲೆ ಸಾಬೂನಿನಿಂದ ಕೈ ತೊಳೆಸುತ್ತೇನೆ.

ಇಷ್ಟೆಲ್ಲ ಮಾಡಿಯೂ ಮೂರನೇ ಭೇಟಿಯಲ್ಲಿ ಎಡವಿದೆ. ಏಪ್ರಿಲ್ ತಿಂಗಳು, ಬೆಳಗಿನ ಹತ್ತು ಗಂಟೆ. ಎಲ್ಲರೂ ಕರೆಯುತ್ತಿದ್ದರೆಂದು ಉಬ್ಬಿ ಒಂದೂವರೆ ತಾಸು ಕೂತೆ. ಮೋತಿ ಮೇಲಿಂದ ಮೇಲೆ ಆಕಳಿಸಿದ, ತುಟಿ ನೆಕ್ಕಿಕೊಂಡ, ಮುಖ ಆಚೆ ತಿರುಗಿಸಿದ. ನಿದ್ದೆ ಬಂದಿರಬೇಕು ಅಂದುಕೊಂಡೆ. ಒಬ್ಬ ಅಜ್ಜಿ ಪ್ರೀತಿಯಿಂದ ಅವನ ಕೊರಳು ತಬ್ಬಿಕೊಂಡಾಗ ಗಂಟಲೊಳಗೇ ಗುರ್ ಎಂದ. ನನ್ನ ಎದೆ ಧಸಕ್ಕೆಂದಿತು. ಅಜ್ಜಿಗೆ ಕಿವಿ ಮಂದ, ಕೇಳಲಿಲ್ಲ. ಅವನನ್ನು ಬೈಯಲಿಲ್ಲ. ಗುರುಗುಟ್ಟಿದ್ದಕ್ಕೆ ಬೈಸಿಕೊಂಡ ನಾಯಿ ಮುಂದೊಮ್ಮೆ ಸೂಚನೆ ಕೊಡದೆಯೇ ಕಚ್ಚಬಹುದು. ಅವನು ಅರ್ಧ ತಾಸಿನಿಂದ "ಸಾಕು" ಎನ್ನುತ್ತಿದ್ದ, ನನಗೆ ಆ ಭಾಷೆ ಬರುತ್ತಿರಲಿಲ್ಲ, ಅಷ್ಟೇ.

ಅಂದಿನಿಂದ ಮುಂಜಾನೆ ಏಳಕ್ಕೆ ಹೋಗುತ್ತೇವೆ, ಮೂವತ್ತು ನಿಮಿಷ ಮಾತ್ರ. ಏಪ್ರಿಲ್, ಮೇ ರಜೆ. ಪರಸಿಕಲ್ಲಿನ ನೆಲದಲ್ಲಿ ಕಾಲು ಜಾರುತ್ತದೆಂದು ಅವನದೇ ಒಂದು ಜಮಖಾನ ಒಯ್ಯುತ್ತೇನೆ. ಅವನು ಅದರ ಮೇಲೆ ಕೂರುತ್ತಾನೆ, ಬೇಕಾದವರು ಬರುತ್ತಾರೆ. ಅವನು ಎದ್ದು ನಿಂತರೆ ಆ ದಿನದ ಕೆಲಸ ಮುಗಿಯಿತು. ಜನರಿಗಿಂತ ನಾಯಿಯ ಮೇಲೆಯೇ ನನ್ನ ಕಣ್ಣಿರುತ್ತದೆ.

ಅಮೆರಿಕದ ಮಕ್ಕಳ ಮನಃಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತನ್ನ ನಾಯಿ ಜಿಂಗಲ್ಸ್ ಎದುರಿಗಿದ್ದಾಗ ಮಾತಾಡದ ಮಕ್ಕಳು ಸಡಿಲಗೊಳ್ಳುವುದನ್ನು ಗಮನಿಸಿ 1962ರಲ್ಲೇ ಬರೆದಿದ್ದ. ನಮ್ಮಲ್ಲಿ ಸದಾ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ ಒಬ್ಬ ಅಜ್ಜಿ ಒಂದು ದಿನ ನನಗಲ್ಲ, ಮೋತಿಗೆ ಹೇಳಿದರು: "ನಮ್ಮನ್ಯಾಗೂ ಒಂದ್ ಕರಿದಿತ್ತಪಾ. ತೊಗರಿ ಹೊಲಕ್ಕ ನನ್ ಹಿಂದ್ಹಿಂದ ಬರ್ತಿತ್ತು." ಇದನ್ನು ಚಿಕಿತ್ಸೆ ಎನ್ನಲು ನನಗೆ ಸಂಕೋಚ. ಮುಂದಿನ ವಾರ ಮತ್ತೆ ಗೋಡೆಯ ಕಡೆಗೇ ತಿರುಗಿದ್ದರು.

ಮುಟ್ಟಬೇಕು ಎಂದೇನೂ ಇಲ್ಲ. ಅಲ್ಲೊಬ್ಬ ಚಾಚಾ ಇದ್ದಾರೆ. ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯುವ ವಜೂ ಮಾಡಿ ಕೂತಿರುತ್ತಾರೆ, ನಾಯಿಯ ಜೊಲ್ಲು ತಾಗಬಾರದು. ನಾನು ಆರಡಿ ದೂರದಲ್ಲೇ ನಿಲ್ಲುತ್ತೇನೆ. "ಕ್ಯಾ ಮೋತಿ, ಖಾನಾ ಖಾಯಾ ಕಿ ನೈ?" ಅಂತ ಅಲ್ಲಿಂದಲೇ ವಿಚಾರಿಸುತ್ತಾರೆ. ಇವನು ಕಿವಿ ನಿಮಿರಿಸುತ್ತಾನೆ.

ಮೋತಿಗೆ ಈಗ 9 ವರ್ಷ, ಹಿಂಗಾಲು ಬಿಗಿದಿವೆ. ಡ್ಯೂಟಿಯ ಕೆಂಪು ಕೊರಳಪಟ್ಟಿ ಕೈಗೆತ್ತಿಕೊಂಡಾಗ ಎದ್ದು ಬಾಗಿಲಿಗೆ ಬಂದರೆ ಕರೆದೊಯ್ಯುತ್ತೇನೆ. ಬಾರದ ರವಿವಾರ ನಾನೊಬ್ಬಳೇ ಹೋಗುತ್ತೇನೆ. ಚಾಚಾ ಮೊದಲು ನನ್ನ ಬೆನ್ನ ಹಿಂದೆ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಅಕೇಲೇಚ್ ಆಯೇ ಕ್ಯಾ?"