‘ಕ್ಲಾಸಿಕ್’ ಅನ್ನದೆ ಕ್ಲಾಸಿಕ್ ತೋರಿಸುವುದು: ನನ್ನ ಅನುಭವ

ಶಿರಸಿ ಕಡೆಯವರಿಗೆ ಯಾವುದಾದರೂ ಸಿನಿಮಾ ನೋಡಿ ಅಂತ ಹೇಳಿದರೆ ಇಲ್ಲ ಅನ್ನುವವರು ಯಾರೂ ಇಲ್ಲ. "ನೋಡನ, ನೋಡನ" ಅಂತಾರೆ. ಅಲ್ಲಿಗೆ ಆ ಸಿನಿಮಾದ ಕಥೆ ಮುಗಿಯಿತು. ಅದರಲ್ಲೂ ಇದು ಜಗತ್ತಿನ ದೊಡ್ಡ ಸಿನಿಮಾಗಳಲ್ಲಿ ಒಂದು, ಸ್ವರ್ಣಕಮಲ ಬಂದಿದೆ ಅಂತೆಲ್ಲ ಸೇರಿಸಿದರೆ ಇನ್ನೂ ಕೆಟ್ಟಿತು. ಪ್ರಶಸ್ತಿ ಬಂದಿದೆ ಅಂದರೆ ನಿದ್ದೆ ಬರುತ್ತೆ ಅಂತಲೇ ನಮ್ಮಲ್ಲಿ ಲೆಕ್ಕ.

ನಾನು ಕೆಲವು ವರ್ಷಗಳಿಂದ ನಮ್ಮ ಊರಲ್ಲಿ, ಆಗಾಗ ಅಂಕೋಲಾ-ಕಾರವಾರದ ಕಡೆಯ ಗೆಳೆಯರ ಮನೆಗಳಲ್ಲಿ, ಹಳೆಯ ಸಿನಿಮಾ ತೋರಿಸುತ್ತಾ ಬಂದಿದ್ದೇನೆ. ಸಂಘ-ಗಿಂಘ ಏನಿಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಬಿಳಿ ಪಂಚೆ ಕಟ್ಟುವುದು, ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಭಜನೆಗೆ ಇಡುವ ಸ್ಪೀಕರ್. ಮಳೆಗಾಲದಲ್ಲಿ ಅದೂ ಇಲ್ಲ, ಜಗಲಿಯ ಟೀವಿಯೇ ಗತಿ, ಕರೆಂಟು ಇದ್ದರೆ. ಬರುವವರು ಅಕ್ಕಪಕ್ಕದ ಮನೆಯವರು, ರಜೆಗೆ ಬಂದ ಮಕ್ಕಳು, ಕೆಲವು ಸಲ ಸುಮ್ನೆ ಕವಳ (ಎಲೆ-ಅಡಿಕೆ) ಹಾಕಲು ಬಂದು ಕೂತುಬಿಟ್ಟವರು. ಇವರಿಗೆಲ್ಲ ಸಿನಿಮಾ ಹಿಡಿಸುವಂತೆ ಮಾಡಲು ನಾನು ಮಾಡುವುದು ಇಷ್ಟೆ: ಸಿನಿಮಾ ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. ಅದರೊಳಗೆ ಯಾರಿಗೆ ಏನು ಕಷ್ಟ ಬಂತು ಅಂತ ಹೇಳುತ್ತೇನೆ. ಯಾರ ಬದುಕಿಗೆ ಯಾವುದು ಹತ್ತಿರವೋ ಅವರಿಗೆ ಅದನ್ನು ಕೊಡುತ್ತೇನೆ.

ಉದಾಹರಣೆಗೆ ಜಪಾನಿನ ಯಸುಜಿರೋ ಓಜು ಮಾಡಿದ ‘ಟೋಕಿಯೋ ಸ್ಟೋರಿ’. 1953ರದ್ದು, ಕಪ್ಪು-ಬಿಳುಪು. ಹೀಗೆ ಹೇಳಿದರೆ ಯಾರೂ ಬರುವುದಿಲ್ಲ. ನಾನು ಹೇಳುವುದು ಹೀಗೆ: ಊರಲ್ಲಿರುವ ವಯಸ್ಸಾದ ಗಂಡ-ಹೆಂಡತಿ ಪಟ್ಟಣದಲ್ಲಿರುವ ಮಕ್ಕಳ ಮನೆಗೆ ಹೋಗುತ್ತಾರೆ, ಮಗ ಡಾಕ್ಟ್ರು, ಅವನಿಗೆ ಪುರಸೊತ್ತಿಲ್ಲ, ಮಗಳಿಗೆ ಬ್ಯೂಟಿ ಪಾರ್ಲರು, ಅವಳಿಗೂ ಪುರಸೊತ್ತಿಲ್ಲ, ಕೊನೆಗೆ ಇಬ್ಬರೂ ದುಡ್ಡು ಹಾಕಿ ಅಪ್ಪ-ಅಮ್ಮನನ್ನು ಬಿಸಿನೀರಿನ ಬುಗ್ಗೆ ಇರುವ ಒಂದು ಪ್ರವಾಸದ ಊರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಇಷ್ಟು ಹೇಳಿದರೆ ಸಾಕು. ನಮ್ಮ ಕಡೆ ಅಡಿಕೆ ತೋಟದ ಮನೆಗಳಲ್ಲಿ ಈಗ ಇರುವವರೇ ಇಬ್ಬರು ಮುದುಕರು, ಮಕ್ಕಳೆಲ್ಲ ಬೆಂಗಳೂರಲ್ಲಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ವಾರ ಕಳೆದು "ಅಲ್ಲಿ ಹೊತ್ತೇ ಹೋಗ್ತಿಲ್ಲೆ" ಅಂತ ವಾಪಸ್ ಬಂದವರು ಮನೆಗೊಬ್ಬರಾದರೂ ಸಿಗುತ್ತಾರೆ.

ಆ ಸಿನಿಮಾದಲ್ಲಿ ಕ್ಯಾಮೆರಾ ಬಹಳ ಕೆಳಗೆ ಇರುತ್ತದೆ, ಚಾಪೆ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ. ವಿಮರ್ಶಕರು ಇದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಮ್ಮಲ್ಲಿ ಕಂಬಳಿ ಹಾಸಿ ನೆಲದ ಮೇಲೆ ಕೂತು ನೋಡಿದವರಿಗೆ ಅದು ವಿಶೇಷ ಅಂತಲೇ ಅನ್ನಿಸಲಿಲ್ಲ, ಅವರೂ ಅಲ್ಲೇ ಕೂತಿದ್ದರಲ್ಲ. ಆದರೆ ತಾಯಿ ತೀರಿಕೊಂಡ ಮೇಲೆ ಒಂದು ದೃಶ್ಯ ಬರುತ್ತದೆ. ಎಲ್ಲ ಮುಗಿಸಿ ಬಂದು ಊಟಕ್ಕೆ ಕೂತಿದ್ದಾರೆ. ಮಗಳು ಅಳುವುದನ್ನು ಆಗಲೇ ನಿಲ್ಲಿಸಿದ್ದಾಳೆ. ಊಟದ ಮಧ್ಯೆ, ಅಮ್ಮನ ಆ ಬಟ್ಟೆ ಇನ್ನೂ ಇದೆಯಾ, ಅದು ನನಗೆ ಬೇಕು ಅಂತ ಕೇಳುತ್ತಾಳೆ. ದನಿ ಏರಿಸುವುದಿಲ್ಲ, ಸಂಗೀತ ಇಲ್ಲ, ಉಪ್ಪು ಬಡಿಸು ಅಂದಷ್ಟೇ ಸಲೀಸು. ನಮ್ಮ ಮೇಲಿನಮನೆ ಅತ್ತೆ ಅಲ್ಲಿ ತಡೆಯಲಾರದೆ ಜೋರಾಗಿಯೇ ಹೇಳಿದರು: "ಸೀರೆ ಕೇಳದು ನೋಡು, ಊಟಕ್ಕೆ ಕೂತ್ಗಂಡು!" ಹಿಂದಿನಿಂದ ಇನ್ಯಾರೋ "ಎಲ್ಲ ಕಡಿಗೂ ಹಂಗೇಯಾ" ಅಂದರು.

ಇದಕ್ಕೆ ಮೊದಲು ನಾನು ಇನ್ನೊಂದು ತೋರಿಸಿರುತ್ತೇನೆ, ಅದು ಮುಖ್ಯ. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’, 1958. ‘ಸ್ವಾಮಿ ದೇವನೆ ಲೋಕ ಪಾಲನೆ’ ಹಾಡು ಶಾಲೆಯಲ್ಲಿ ಹಾಡದವರು ಯಾರಿದ್ದಾರೆ, ಆದರೆ ಅದು ಬಂದ ಸಿನಿಮಾ ನೋಡಿದವರು ಕಡಿಮೆ. ಅದರಲ್ಲೂ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ಮಕ್ಕಳ ಕೈಯಲ್ಲಿ ಪಡುವ ಪಾಡೇ ಕಥೆ. ಹಾಡು ಬಂದ ತಕ್ಷಣ ಅಂಗಳವೆಲ್ಲ ದನಿಗೂಡಿಸುತ್ತದೆ. ಕನ್ನಡದ ಅಳು, ಕನ್ನಡದ ಮಾತು, ಎಲ್ಲ ಬಿಚ್ಚಿ ಹೇಳುವ ರೀತಿ. ಅದನ್ನು ನೋಡಿ ಒಂದೆರಡು ವಾರಕ್ಕೆ ಓಜು ಹಾಕಿದರೆ, ಅದೇ ಸಂಕಟವನ್ನು ಈ ಮನುಷ್ಯ ಒಂದೂ ಏರುದನಿಯ ಮಾತಿಲ್ಲದೆ ಹೇಗೆ ಹೇಳಿದ ಅಂತ ಜನರಿಗೆ ತಾವಾಗೇ ಕಾಣುತ್ತದೆ. ಪಾಠ ಮಾಡಬೇಕಾಗಿಲ್ಲ.

ಭಾಷೆ ಒಂದು ದೊಡ್ಡ ತೊಡಕು. ಸಬ್‌ಟೈಟಲ್ ಸಿಗುವುದು ಇಂಗ್ಲಿಷಿನಲ್ಲಿ. ಮೊದಲು ಅದನ್ನೇ ಕನ್ನಡ ಮಾಡಿದೆ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಹೊತ್ತು ಮತ್ತು ಮಾತು ಎರಡೂ ಸಾಲುಸಾಲಾಗಿ ಕಾಣುತ್ತವೆ, ಹೊತ್ತನ್ನು ಮುಟ್ಟದೆ ಮಾತನ್ನು ಮಾತ್ರ ಬದಲಿಸಬೇಕು, ಉಳಿಸುವಾಗ ಕನ್ನಡ ಅಕ್ಷರ ಕೆಡದಂತೆ ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಅಂತ ಆರಿಸಿಕೊಳ್ಳಬೇಕು, ಪ್ಲೇಯರಿನಲ್ಲಿ ಕನ್ನಡದ ಫಾಂಟು ಆರಿಸಬೇಕು, ಇಲ್ಲದಿದ್ದರೆ ಪರದೆ ತುಂಬ ಚೌಕಗಳು. ಓದುವ ಮಕ್ಕಳಿಗೆ ಇದು ಸರಿ. ಆದರೆ ಎಪ್ಪತ್ತು ದಾಟಿದವರಿಗೆ ಅಕ್ಷರ ಓದುವಷ್ಟರಲ್ಲಿ ಮುಖ ಹೋಗಿಬಿಡುತ್ತದೆ.

ಹಾಗಾಗಿ ಪಕ್ಕದಲ್ಲಿ ನಿಂತು ನಾನೇ ಹೇಳುವುದು ರೂಢಿಯಾಯಿತು. ಎಲ್ಲ ಮಾತೂ ಅಲ್ಲ, ನಾಲ್ಕು ಮಾತಿಗೆ ಒಂದು. ಮೌನ ಇದ್ದ ಕಡೆ ನಾನೂ ಬಾಯಿ ಮುಚ್ಚಿರುತ್ತೇನೆ, ಅದು ಕಲಿಯುವುದೇ ಕಷ್ಟ. ತಾಳಮದ್ದಳೆ ಕೇಳಿ ಬೆಳೆದ ಜನಕ್ಕೆ ಒಬ್ಬ ಕೂತು ಅರ್ಥ ಹೇಳುವುದು ಹೊಸದಲ್ಲ, ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಜಪಾನಿನಲ್ಲೂ ಮೂಕಿ ಕಾಲದಲ್ಲಿ ಹೀಗೆ ಪರದೆಯ ಪಕ್ಕ ನಿಂತು ಕಥೆ ಹೇಳುವ ‘ಬೆನ್ಶಿ’ಗಳಿದ್ದರು, ನಟರಿಗಿಂತ ಅವರ ಹೆಸರಿಗೇ ಜನ ಸೇರುವುದೂ ಇತ್ತು. ಅಲ್ಲಿನ ಹೆಸರಾಂತ ನಿರ್ದೇಶಕ ಅಕಿರ ಕುರೊಸಾವಾನ ಅಣ್ಣ ಅದೇ ಕೆಲಸದಲ್ಲಿದ್ದವನು.

ಮಾತೇ ಇಲ್ಲದ ಸಿನಿಮಾ ಆದರೆ ಈ ಕೆಲಸವೂ ತಪ್ಪುತ್ತದೆ. ಕನೆಟೊ ಶಿಂಡೊ ಅವರ ‘ದ ನೇಕೆಡ್ ಐಲ್ಯಾಂಡ್’ (1960) ಯಾರಿಗೂ ಗೊತ್ತಿರುವುದಿಲ್ಲ, ನಾನು ಎಲ್ಲರಿಗೂ ಹೇಳುವುದು ಅದನ್ನೇ. ಒಂದು ಪುಟ್ಟ ದ್ವೀಪ, ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ದ್ವೀಪದಲ್ಲಿ ಸಿಹಿನೀರಿಲ್ಲ. ದೋಣಿಯಲ್ಲಿ ಹೋಗಿ ನೀರು ತುಂಬಿ ತಂದು, ಅಡ್ಡೆಯಲ್ಲಿ ಎರಡು ಕೊಡ ಹೊತ್ತು, ಕಡಿದಾದ ಗುಡ್ಡ ಹತ್ತಿ ಗಿಡದ ಬುಡಕ್ಕೆ ಹನಿಹನಿಯಾಗಿ ಹಾಕಬೇಕು. ಅಷ್ಟೇ ನಡೆಯುವುದು, ಮತ್ತೆ ಮತ್ತೆ. ಹೆಂಡತಿ ಒಂದು ಸಲ ಕಾಲು ಜಾರಿ ಕೊಡ ಚೆಲ್ಲುತ್ತಾಳೆ. ಗಂಡ ತನ್ನ ಅಡ್ಡೆ ಇಳಿಸಿ ಬಂದು ಕೆನ್ನೆಗೆ ಹೊಡೆಯುತ್ತಾನೆ, ಆಮೇಲೆ ಇಬ್ಬರೂ ಮತ್ತೆ ಕೆಲಸಕ್ಕೆ. ನಮ್ಮ ಕಡೆ ಮನೆ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ, ಕೊಡ ಹೊತ್ತು ಹತ್ತಿದ ಹೆಂಗಸರು ಇನ್ನೂ ಇದ್ದಾರೆ. ಅವರು ಆ ಸಿನಿಮಾ ನೋಡುವ ರೀತಿಯೇ ಬೇರೆ. ಇವಳು ಹೆಜ್ಜೆ ಇಡುವುದು ಸರಿ ಇದೆ, ನಿಜವಾಗಿಯೂ ಹೊತ್ತವಳೇ ಇವಳು ಅಂತ ಒಬ್ಬರು ತೀರ್ಪು ಕೊಟ್ಟರು. 1961ರಲ್ಲಿ ಮಾಸ್ಕೋ ಚಿತ್ರೋತ್ಸವದ ದೊಡ್ಡ ಬಹುಮಾನ ಬಂದ ಸಿನಿಮಾ ಅದು, ಆದರೂ ಈ ತೀರ್ಪು ಜಾಸ್ತಿ ತೂಕದ್ದು.

ಅದರ ಜೊತೆಗೆ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002). ನಾ. ಡಿಸೋಜರ ಕಾದಂಬರಿ. ಅಣೆಕಟ್ಟಿನ ನೀರು ಏರುತ್ತಿದೆ, ಊರೆಲ್ಲ ಖಾಲಿ, ಒಂದು ಮನೆ ಮಾತ್ರ ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸೂಪಾ, ಕದ್ರಾ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಅಂತ ಮನೆ ಬಿಟ್ಟವರ ಸಾಲೇ ಇದೆ, ಕಥೆ ವಿವರಿಸುವ ಅಗತ್ಯ ಬೀಳಲಿಲ್ಲ. ನಟಿ ಸೌಂದರ್ಯ ಅಂದರೆ ಹಾಡು-ಕುಣಿತ ಅಂದುಕೊಂಡಿದ್ದ ಹುಡುಗರಿಗೆ, ಅವರೇ ದುಡ್ಡು ಹಾಕಿ ಮಾಡಿದ ಸಿನಿಮಾ ಇದು ಅಂದಾಗ ಆಶ್ಚರ್ಯ. ಇಡೀ ಮಳೆಗಾಲ ಮನೆ ಉಳಿಸಿದವಳು ಹೆಂಡತಿ. ಕೊನೆಯಲ್ಲಿ ಗಂಡ ಕೈಮುಗಿಯುವುದು ದೇವರಿಗೆ. ಅಂಗಳದಲ್ಲಿ ಹೆಂಗಸರು ನಕ್ಕರು, ಗಂಡಸರು ಕವಳದ ಬಟ್ಟಲು ಹುಡುಕಿದರು.

ಕರಾವಳಿಗೆ ಹೋದರೆ ಪಟ್ಟಿ ಬದಲಾಗಬೇಕು. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ, ಮೀನುಗಾರರ ಮನೆಗಳಲ್ಲಿ ಗಂಡಸರು ಬಲೆ ಹೆಣೆಯುತ್ತಾ ಕೂತಿರುತ್ತಾರೆ. ಆ ಹೊತ್ತಿಗೆ ಲುಚಿನೊ ವಿಸ್ಕೊಂಟಿಯ ‘ಲಾ ತೆರ್ರಾ ತ್ರೇಮಾ’ (1948). ಇಟಲಿಯ ಸಿಸಿಲಿ ದ್ವೀಪದ ಮೀನುಗಾರರ ಕಥೆ. ನಟಿಸಿದವರು ಅದೇ ಊರಿನ ಮೀನುಗಾರರು, ಆಡುವುದು ಅವರದೇ ಆಡುಮಾತು. ಇಟಲಿಯ ಉಳಿದ ಕಡೆಯವರಿಗೇ ಆ ಮಾತು ತಿಳಿಯದೆ ಹಿನ್ನೆಲೆಯಲ್ಲಿ ವಿವರಣೆ ಸೇರಿಸಿದ್ದಾರೆ. ಅಂದಮೇಲೆ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವುದು, ಗೆಳೆಯ ಅದಕ್ಕೆ ಕೊಂಕಣಿ ಸೇರಿಸುವುದು ಆ ಸಿನಿಮಾಕ್ಕೆ ಅನ್ಯಾಯವೇನಲ್ಲ. ಎರಡೂವರೆ ಗಂಟೆಗಿಂತ ಉದ್ದ ಇದೆ, ಎರಡು ಸಂಜೆಗೆ ಹಂಚಬೇಕು.

ಮೀನಿಗೆ ದರ ಕಟ್ಟುವ ದಲ್ಲಾಳಿಗಳ ತಕ್ಕಡಿಗಳನ್ನು ಹುಡುಗರು ಸಮುದ್ರಕ್ಕೆ ಎಸೆಯುವ ದೃಶ್ಯ ಬಂದಾಗ ಶಿಳ್ಳೆ ಬೀಳುತ್ತೆ ಅಂತ ನಾನು ಕಾಯುತ್ತಿದ್ದೆ. ಬೀಳಲಿಲ್ಲ. ಬಲೆ ಹಿಡಿದು ಕೂತಿದ್ದ ಹಿರಿಯರೊಬ್ಬರು, "ತಕ್ಕಡಿ ಎಸೆದ್ರು ಸರಿ, ಮರುದಿನ ಮೀನು ಯಾರು ತಗಂಡ್ರು?" ಅಂತ ಕೇಳಿದರು. ಸಿನಿಮಾದ ಉಳಿದ ಭಾಗ ಪೂರ್ತಿ ಅದೇ ಪ್ರಶ್ನೆ. ಮನೆ ಅಡ ಇಟ್ಟು, ಉಪ್ಪು ಕೊಂಡು, ತಾವೇ ಮೀನಿಗೆ ಉಪ್ಪು ಹಾಕಿ ಪೀಪಾಯಿ ತುಂಬುತ್ತಾರೆ. ಬಿರುಗಾಳಿಗೆ ದೋಣಿ ಹೋಗುತ್ತದೆ, ಪೀಪಾಯಿಯ ಮೀನಿಗೆ ಮತ್ತೆ ಅದೇ ದಲ್ಲಾಳಿಗಳು ದರ ಹೇಳುತ್ತಾರೆ. ಎರಡನೇ ಸಂಜೆ ಮಳೆ ಹೊಡೆಯುತ್ತಿದ್ದರೂ ಮೊದಲ ದಿನಕ್ಕಿಂತ ಜಾಸ್ತಿ ಜನ ಇದ್ದರು. ಇದಾದ ಮೇಲೆ ವೈದೇಹಿಯವರ ಕಥೆಯಿಂದ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸು’ (2008) ಹಾಕಿದರೆ ಉಮಾಶ್ರೀ ಎಷ್ಟು ದೊಡ್ಡ ನಟಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಕಾರವಾರ ಪೇಟೆಯವರಿಗೆ ನನ್ನ ಗಾಳ ಬೇರೆ. ದಿನಾ ಸಂಜೆ ಟಾಗೋರ್ ಬೀಚಿನಲ್ಲಿ ವಾಕಿಂಗ್ ಮಾಡುತ್ತಾರೆ, ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದದ್ದು, ರವೀಂದ್ರರು ಇಲ್ಲೇ ಕೂತು ನಾಟಕ ಬರೆದದ್ದು ಎಲ್ಲ ಗೊತ್ತು. ಹಾಗಾದರೆ ಅವರ ಕಥೆಯಿಂದ ಸತ್ಯಜಿತ್ ರೇ ಮಾಡಿದ ‘ಚಾರುಲತಾ’ (1964) ನೋಡಿದ್ದೀರಾ ಅಂತ ಕೇಳುವುದು. ಇಲ್ಲ ಅಂತಾರೆ. ಮೊದಲ ಏಳೆಂಟು ನಿಮಿಷ ಮಾತ್ರ ನೋಡಿ ಅಂತ ಫೋನಲ್ಲೇ ತೋರಿಸುತ್ತೇನೆ. ದೊಡ್ಡ ಮನೆಯ ಸೊಸೆ, ಮಧ್ಯಾಹ್ನ, ಬೇಸರ. ನಾಟಕ ನೋಡುವ ದುರ್ಬೀನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಿ ಬೀದಿಯವರನ್ನು ನೋಡುತ್ತಾಳೆ. ಗಂಡ ಪುಸ್ತಕ ಓದುತ್ತಾ ಅವಳನ್ನು ಗಮನಿಸದೆ ಹಾದುಹೋಗುತ್ತಾನೆ. ಅವಳು ಅದೇ ದುರ್ಬೀನಿನಲ್ಲಿ ಅವನ ಬೆನ್ನು ನೋಡುತ್ತಾಳೆ. ಅಷ್ಟು ನೋಡಿದವರು ಉಳಿದದ್ದನ್ನು ಬಿಡುವುದಿಲ್ಲ.

ಮಕ್ಕಳಿಗೆ ಅಬ್ಬಾಸ್ ಕಿಯಾರೊಸ್ತಮಿಯ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ (1987). ತಪ್ಪಿ ಗೆಳೆಯನ ನೋಟ್‌ಬುಕ್ ಮನೆಗೆ ತಂದ ಹುಡುಗ, ಅದನ್ನು ಕೊಡಲು ಗುಡ್ಡದಾಚೆಯ ಊರಿಗೆ ಓಡುತ್ತಾನೆ. ಮನೆ ಎಲ್ಲಿ ಅಂತ ಗೊತ್ತಿಲ್ಲ. ದೊಡ್ಡವರು ಯಾರೂ ಕೇಳಿಸಿಕೊಳ್ಳುವುದಿಲ್ಲ. ನಮ್ಮ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು, ಹೊಡೆದಾಟದ ಸಿನಿಮಾಕ್ಕೂ ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ.

‘ಘಟಶ್ರಾದ್ಧ’ (1977) ತೋರಿಸುತ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ತೋರಿಸುತ್ತೇನೆ, ಆದರೆ ಮೊದಲಿಗೆ ಅಲ್ಲ, ಹಬ್ಬದ ಮರುದಿನವೂ ಅಲ್ಲ. ಬದುಕಿರುವ ಹೆಂಗಸಿಗೆ ಶ್ರಾದ್ಧ ಮಾಡುವ ಕಥೆ ನಮ್ಮ ಊರುಗಳಲ್ಲಿ ಬರೀ ಕಥೆ ಅಲ್ಲ. ಅದನ್ನು ನೋಡಿದ ರಾತ್ರಿ ಯಾರೂ ಹೆಚ್ಚು ಮಾತಾಡುವುದಿಲ್ಲ, ನಾನೂ ಹೇಗಿತ್ತು ಅಂತ ಕೇಳುವುದಿಲ್ಲ. ಹಾಗೆ ನೋಡಿದರೆ ಯಾವ ಸಿನಿಮಾ ಮುಗಿದಾಗಲೂ ಕೇಳಬಾರದು. ಕಷಾಯ ಕೊಟ್ಟು ಸುಮ್ಮನಿದ್ದರೆ ನಾಲ್ಕು ದಿನ ಬಿಟ್ಟು ಅವರೇ ಮಾತೆತ್ತುತ್ತಾರೆ. ‘ಘಟಶ್ರಾದ್ಧ’ದ ಹಳೆಯ ಪ್ರತಿಗಳು ಮಸುಕು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸದಾಗಿ ಸರಿಪಡಿಸಿದ ಪ್ರತಿ ತೋರಿಸಿದ್ದಾರೆ, ಅದು ಸಿಕ್ಕಿದರೆ ಅದನ್ನೇ ನೋಡಿ.

ಹುಡುಗರಿಗೆ ‘ಒಂದಾನೊಂದು ಕಾಲದಲ್ಲಿ’ (1978) ಸಾಕು. ಶಂಕರ್ ನಾಗ್ ನಟಿಸಿದ ಮೊದಲ ಸಿನಿಮಾ, ಕತ್ತಿವರಸೆ, ಮೇಲಾಗಿ ಅದನ್ನು ನಿರ್ದೇಶಿಸಿದ ಗಿರೀಶ್ ಕಾರ್ನಾಡರು ಹುಡುಗರಾಗಿದ್ದಾಗ ಯಕ್ಷಗಾನದ ಆಟ, ನಾಟಕ ನೋಡಿದ್ದು ನಮ್ಮ ಶಿರಸಿಯಲ್ಲೇ. ಈ ಕೊನೆಯ ಮಾತನ್ನು ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಹಕ್ಕಿನ ವಿಷಯ ಕೇಳುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಅಷ್ಟು ಹಳೆಯದಲ್ಲದ್ದನ್ನು ಊರಿಗೇ ಸಾರಿ, ಟಿಕೆಟ್ ಇಟ್ಟು ತೋರಿಸುವುದಾದರೆ ಅನುಮತಿ ಕೇಳಿ. ಮನೆಯವರು ಕೂತು ನೋಡುವುದು ಬೇರೆ.

ಈಗ ಒಂದು ಬೇಡಿಕೆ ಬಾಕಿ ಇದೆ. "ಮುಂದಿನ ಸಲ ಯಾರೂ ಸಾಯ್ದೇ ಇಪ್ಪ ಸಿನಿಮಾ ಹಾಕು ಮಾರಾಯಾ" ಅಂತ ಮೇಲಿನಮನೆ ಅತ್ತೆಯ ಆರ್ಡರು. ಬಸ್ಟರ್ ಕೀಟನ್‌ನ ‘ಶೆರ್ಲಾಕ್ ಜೂನಿಯರ್’ (1924) ತೆಗೆದಿಟ್ಟಿದ್ದೇನೆ. ಮುಕ್ಕಾಲು ಗಂಟೆಯದು, ಮೂಕಿ. ನಾಯಕ ಟಾಕೀಸಿನಲ್ಲಿ ಪ್ರೊಜೆಕ್ಟರ್ ಬಿಡುವವನು, ಕೆಲಸದ ಮಧ್ಯೆ ನಿದ್ದೆಹೋಗಿ ಕನಸಿನಲ್ಲಿ ಪರದೆಯೊಳಗೇ ನುಗ್ಗುತ್ತಾನೆ. ಒಂದು ಕಡೆ ರೈಲಿನ ನೀರಿನ ಟ್ಯಾಂಕಿಯಿಂದ ನೀರು ಸುರಿದು ಅವನನ್ನು ಹಳಿ ಮೇಲೆ ಕೆಡವುತ್ತದೆ. ಅಲ್ಲಿ ನಿಜವಾಗಿಯೂ ಕೀಟನ್‌ನ ಕುತ್ತಿಗೆಯ ಮೂಳೆ ಮುರಿದಿತ್ತು, ಅದು ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಇದನ್ನು ಮಾತ್ರ ಅತ್ತೆಗೆ ಸಿನಿಮಾ ಮುಗಿದ ಮೇಲೆ ಹೇಳಬೇಕು.